ಅಕ್ಕಿಹಿಟ್ಟಿನ ಜ್ವಾಲಾಮುಖಿ

ವಿಜ್ಞಾನದ ಟೀಚರಿಗೆ ಒಂದು ವಾರವೂ ಮರ್ಯಾದೆಯಿಂದ ಕಳೆಯುವ ಯೋಗವಿಲ್ಲ. ಜಯಪುರದ ಶಾಲೆಗೆ ಬಂದಮೇಲೆ ನನಗಂತೂ ಇಲ್ಲವೇ ಇಲ್ಲ. ಈ ಸಲ ಕಾರಣ ಜ್ವಾಲಾಮುಖಿ. ನರಸಿಂಹರಾಜಪುರದ ವಿಜ್ಞಾನ ಪ್ರದರ್ಶನದಲ್ಲಿ ನನ್ನ ಮಾದರಿಗೆ ಬಹುಮಾನ ಬಂದರೆ, ಮುರಿದ ಬೆಂಚು ತುಂಬಿದ ಕೋಣೆಯನ್ನು ಪ್ರಯೋಗಾಲಯಕ್ಕೆ ಬಿಟ್ಟುಕೊಡುತ್ತೇನೆ ಅಂತ ಹೆಡ್‌ಮಾಸ್ಟರು ಹೇಳಿದ್ದರು. ಆ ಕೋಣೆಗಾಗಿ ನಾನು ಆರು ವರ್ಷ ಜಗಳ ಆಡಿದ್ದೆ.

೧. ಅಡುಗೆಮನೆಯಲ್ಲಿ

ಬಿಸಿಯೂಟದ ಅಕ್ಕ ಮನೆಯಿಂದ ಅಕ್ಕಿಹಿಟ್ಟು ತಂದುಕೊಟ್ಟು, "ಎಂತಕ್ಕೆ ಟೀಚರ್ರೇ?" ಅಂದರು.

"ಜ್ವಾಲಾಮುಖಿ ಮಾಡ್ಲಿಕ್ಕೆ ಅಕ್ಕ. ಬೆಟ್ಟದ ಅಡಿಯಲ್ಲಿ ಕರಗಿದ ಕಲ್ಲು ಮಡುಗಟ್ಟಿರ್ತದೆ. ಅದು ಉಕ್ಕಿ ಹೊರಗೆ ಹೋದ್ರೆ ಒಳಗೆ ಖಾಲಿ. ಮೇಲಿನ ಬೆಟ್ಟ ಕುಸಿದು ಊರಗಲದ ಬೋಗುಣಿ ಆಗ್ತದೆ, ಸುತ್ತ ಬಿರುಕು. ಕೆಳಗಿನ ಕಾವಿಗೆ ಬಿಸಿಯಾದ ನೀರು ಚಿನ್ನ, ಬೆಳ್ಳಿ, ತಾಮ್ರ ಕರಗಿಸ್ಕೊಂಡು ಆ ಬಿರುಕಲ್ಲಿ ಏರಿ, ತಣಿದಲ್ಲಿ ಬಿಟ್ಟು ಹೋಗ್ತದೆ. ಉಪ್ಪಿನಕಾಯಿ ಭರಣಿ ಅಂಚಲ್ಲಿ ಉಪ್ಪು ಕಟ್ಟಿದ ಹಾಗೆ. ಸಾವಿರಾರು ವರ್ಷದ ಕೆಲಸ."

ಅಕ್ಕ ಸೌಟು ಕೆಳಗಿಟ್ಟು ಕಿವಿಯ ಓಲೆ ಮುಟ್ಟಿಕೊಂಡರು. "ಇದೂ ಹಾಗೇ ಬಂದದ್ದಾ?"

"ಇದ್ದರೂ ಇರಬಹುದು." ಹೇಳುವಾಗ ನನಗೇ ಮೈ ಜುಮ್ಮೆಂದಿತು.

"ಅಬ್ಬಬ್ಬಾ! ಅಷ್ಟು ವರ್ಷ ಒಲೆಗೆ ಸೌದೆ ತುಂಬಿದ್ದು ಯಾರು ಮಾರಾಯ್ರೆ?"

೨. ಬಸ್ಸಿನಲ್ಲಿ

ಪ್ರದರ್ಶನದ ದಿನ ತೊಡೆಯ ಮೇಲೆ ಚಾರ್ಟು ಬಿಡಿಸಿಕೊಂಡು ಕೂತಿದ್ದೆ. ಪಕ್ಕದ ಸೀಟಿನ ಕಡಹಿನಬೈಲಿನ ಯಜಮಾನರು ಕೊಪ್ಪ ದಾಟುವವರೆಗೂ ನನ್ನ ವಿವರಣೆಯನ್ನು ಬಾಯಿ ತೆರೆದುಕೊಂಡೇ ಕೇಳಿದರು.

"ನಮ್ಮ ಜಾಗದಲ್ಲೂ ಹೀಗೆ ಚಿನ್ನ ಆಗಬಹುದಾ?"

"ಅದಕ್ಕೆ ಮೊದಲು ಬೆಟ್ಟ ಸಿಡಿದು ಒಳಕ್ಕೆ ಕುಸೀಬೇಕಲ್ಲ."

ಅವರು ಚಾರ್ಟನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದರು. "ಹಾಗಾದ್ರೆ ಬೇಡ ಬಿಡಿ. ಮೊನ್ನೆಯಷ್ಟೇ ಮನೆಗೆ ಹೆಂಚು ಬದಲಾಯಿಸಿದ್ದೀನಿ."

೩. ಪ್ರದರ್ಶನದಲ್ಲಿ

ತಟ್ಟೆಯಲ್ಲಿ ಊದಿದ ಬಲೂನು, ಅದರ ಮೇಲೆ ಹಿಟ್ಟಿನ ಬೆಟ್ಟ. ನಳಿಕೆಯಿಂದ ನಿಧಾನಕ್ಕೆ ಗಾಳಿ ಹೊರಗೆ ಬಿಟ್ಟರೆ ನೆತ್ತಿ ಕುಸಿಯಬೇಕು. ತೀರ್ಪುಗಾರರು ಬರುವುದು ಕಂಡು ಪಕ್ಕದಲ್ಲೇ ನಿಂತಿದ್ದ ಹೆಡ್‌ಮಾಸ್ಟರಿಗೆ ಹುರುಪು ಬಂತು.

"ಬೆಟ್ಟ ಸಣ್ಣದಾಯ್ತು ಮೇಡಂ. ಇನ್ನೂ ಊದಿ."

"ಸರ್, ತಡೆಯಲ್ಲ."

"ಊದಿ ಅಂದ್ರೆ!" ಅಂತ ಬಗ್ಗಿ ನೋಡಿದರು. ನನಗೂ ರೇಗಿತು, ಊದಿಯೇ ಬಿಟ್ಟೆ.

ಢಬ್! ನೆತ್ತಿಯ ಹಿಟ್ಟೆಲ್ಲ ಹೆಡ್‌ಮಾಸ್ಟರ ಮುಖಕ್ಕೆ, ಅಂಗಿಗೆ. ತೀರ್ಪುಗಾರರು ಎರಡು ಹೆಜ್ಜೆ ಹಿಂದೆ ಸರಿದು, ಹಾಗೇ ಮುಂದಿನ ಟೇಬಲ್ಲಿಗೆ ಹೋದರು. ಬಹುಮಾನ ಶೃಂಗೇರಿ ಕಡೆಯ ಶಾಲೆಗೆ ಹೋಯಿತು. ನನಗೆ ಅಳುವೇ ಬಂತು.

ಹೆಡ್‌ಮಾಸ್ಟರು ಮಾತ್ರ ಕಣ್ಣೊರೆಸಿಕೊಂಡು ತಟ್ಟೆಯನ್ನೇ ನೋಡುತ್ತಿದ್ದರು. ಉಳಿದ ಬೆಟ್ಟದ ನಡುವೆ ದುಂಡನೆಯ ಬೋಗುಣಿ, ಸುತ್ತ ಉಂಗುರದ ಹಾಗೆ ಬಿರುಕು. ಚಾರ್ಟಿನಲ್ಲಿ ನಾನು ಬರೆದದ್ದಕ್ಕಿಂತ ಚೆನ್ನಾಗಿತ್ತು.

"ಭೂಮಿ ನಿಜವಾಗ್ಲೂ ಹೀಗೆ ಮಾಡ್ತದಾ?"

"ಹೌದು ಸರ್."

ಅವರು ಹಿಟ್ಟು ಮೆತ್ತಿ ಬೆಳ್ಳಗಾದ ಜೇಬಿಗೆ ಕೈ ಹಾಕಿ ಆ ಬೆಂಚಿನ ಕೋಣೆಯ ಬೀಗದ ಕೈ ತೆಗೆದು ಕೊಟ್ಟರು.

"ತಗೊಳ್ಳಿ ಮೇಡಂ. ಇದನ್ನ ಮಕ್ಕಳು ನೋಡ್ಲೇಬೇಕು. ನಾನು ಮಾತ್ರ ಕಿಟಕಿಯಿಂದ ನೋಡ್ತೀನಿ."