ಸಾಮಾನಿನ ಪಟ್ಟಿಯೂ ಹುಲಗೇಶಪ್ಪನವರ ಸೇತುವೆಯೂ

"ಸಾಮಾನಿನ ಪಟ್ಟಿ ನನ್ನ ಕೈಯಾಗ ಕೊಡ್ರಿ, ಏನು ಕಟ್ಟಾಕತ್ತಾರಂತ ಕಣ್ಣು ಮುಚ್ಚಿ ಹೇಳ್ತೀನಿ" ಎಂದು ಹುಲಗೇಶಪ್ಪನವರು ಘೋಷಿಸಿದಾಗ ಅವರ ಹೆಂಡತಿ ಸುಭದ್ರಾ ಚಹಾ ಸೋಸುತ್ತಿದ್ದರು.

"ಕಣ್ಣು ಮುಚ್ಚಿದರ ಪಟ್ಟಿ ಓದೋದು ಹೆಂಗ್ರಿ?" ಎಂದರು.

ಇಂಥ ಮಾತಿಗೆಲ್ಲ ಹುಲಗೇಶಪ್ಪನವರು ಉತ್ತರ ಕೊಡುವವರಲ್ಲ. ಕೊಪ್ಪಳದಿಂದ ಹೈದರಾಬಾದಿಗೆ ಬಂದು, ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತೊಂದು ವರ್ಷದಿಂದ ಕೂತವರು ಅವರು. ಯಾವ ವಿಭಾಗದವರು ಎಷ್ಟು ಬೋಲ್ಟು, ಎಷ್ಟು ರಬ್ಬರ್ ಶೀಟು ಕೇಳಿದರು ಎಂಬುದರಿಂದಲೇ ಅಲ್ಲಿ ಏನು ತಯಾರಾಗುತ್ತಿದೆ ಎಂದು ತಮಗೆ ಗೊತ್ತಾಗಿಬಿಡುತ್ತದೆ ಎಂಬುದು ಅವರ ನಂಬಿಕೆ. ಅಲ್ಲಿ ನಡೆಯುವುದೆಲ್ಲ ಗುಟ್ಟಾದ್ದರಿಂದ ಅವರ ಊಹೆ ತಪ್ಪೆಂದು ಇದುವರೆಗೆ ಯಾರೂ ಹೇಳಿರಲಿಲ್ಲ.

ಈ ಸಲ ಪಟ್ಟಿ ತಂದವಳು ಮಗಳು ಪೂರ್ವಿ. ಒಂಬತ್ತನೇ ತರಗತಿ. ಗಚ್ಚಿಬೌಲಿಯ ಶಾಲೆಯ ರೋಬೋಟ್ ತಂಡದ ಆರು ಮಕ್ಕಳಲ್ಲಿ ಅವಳೂ ಒಬ್ಬಳು. ಅವರು ಸೇರುವ ಸ್ಪರ್ಧೆಯಲ್ಲಿ ಪ್ರತಿ ವರ್ಷ ಆಟ ಬದಲು. ಈ ವರ್ಷದ ಆಟ ಏನೆಂದು ಹೇಳಲು ಇನ್ನೂ ಎರಡು ವಾರವಿತ್ತು. ಆದರೆ ಶಾಲೆಗಳು ಅಭ್ಯಾಸಕ್ಕೆ ಅಂಕಣ ಕಟ್ಟಿಕೊಳ್ಳಬೇಕಲ್ಲ, ಅದಕ್ಕೆ ಬೇಕಾಗುವ ಸಾಮಾನಿನ ಪಟ್ಟಿಯನ್ನು ಮಾತ್ರ ಮೊದಲೇ ಕಳಿಸಿದ್ದರು. ಪ್ಲೈವುಡ್ ಹಾಳೆ ಎಂಟು. ಎರಡಿಂಚಿನ ಪಿವಿಸಿ ಪೈಪು ಹನ್ನೆರಡು. ನೀಲಿ ತಾಡಪತ್ರಿ, ಅಂದರೆ ಟಾರ್ಪಾಲು, ಎರಡು. ಬಿಜಾಗರಿ ನಾಲ್ಕು ಜೊತೆ. ನೈಲಾನ್ ಹಗ್ಗ, ಸಣ್ಣ ಸರಪಳಿ. ಬಣ್ಣಬಣ್ಣದ ಮೆತ್ತನೆಯ ಚೆಂಡು ಅರವತ್ತು.

ಹುಲಗೇಶಪ್ಪನವರು ಚಷ್ಮಾ ಏರಿಸಿದರು. ಎರಡು ಸಲ ಓದಿದರು. ಮೂರನೆಯ ಸಲಕ್ಕೆ ಮುಖ ಅರಳಿತು.

"ನೀಲಿ ತಾಡಪತ್ರಿ ಅಂದ್ರ ಏನು? ನೀರು. ಹೊಳಿ. ಪೈಪು ಅಂದ್ರ ಕಂಬ. ಬಿಜಾಗರಿ, ಹಗ್ಗ, ಸರಪಳಿ ಮೂರೂ ಒಂದ ಕಡೆ ಬಂದ್ವು ಅಂದ್ರ ಮ್ಯಾಲ ಏಳೋ ಸೇತುವೆ. ಹಡಗು ಬಂದಾಗ ಎತ್ತೋದು, ಹೋದ ಮ್ಯಾಲ ಇಳಿಸೋದು. ಚೆಂಡು ಅಂದ್ರ ದಾಟಿಸೋ ಸರಕು. ಬರ್ಕೊ."

"ಪಕ್ಕಾನಾ ಪಪ್ಪಾ?"

"ಪಕ್ಕಾ ಅಂದ್ರ ಪಕ್ಕಾ."

ಪೂರ್ವಿ ಇದನ್ನು ಶಾಲೆಗೆ ಒಯ್ದಳು. ಅಲ್ಲಿ ಆರು ಮಕ್ಕಳಿಗೆ ಆರು ಊಹೆ. ತಂಡ ನೋಡಿಕೊಳ್ಳುವ ದೀಪಕ ಸರ್, "ಊಹೆ ಮಾಡ್ರಿ, ಆದರ ಆಟ ಗೊತ್ತಾಗೋ ತನಕ ಏನೂ ಕಟ್ಟಬ್ಯಾಡ್ರಿ" ಎಂದಿದ್ದರು. ಪೂರ್ವಿ ಮಾತ್ರ, ನಮ್ಮಪ್ಪ ಹೇಳಿದ್ದು ತಪ್ಪುವುದೇ ಇಲ್ಲ ಎಂದು ವಾದಿಸಿ ಗೆದ್ದಳು. ಎರಡೇ ದಿನದಲ್ಲಿ ತಂಡ ಸೇತುವೆಯ ಹಗ್ಗ ಎಳೆಯಲು ಕೊಕ್ಕೆಯಿರುವ ಉದ್ದನೆಯ ತೋಳು ಮಾಡತೊಡಗಿತು.

ತೋಳಿದ್ದರೆ ಸಾಕೆ, ಎಳೆಯಲು ಸೇತುವೆ ಬೇಡವೆ? ಪಟ್ಟಿ ಹಿಡಿದ ಹುಲಗೇಶಪ್ಪನವರು ಈಗ ಪಟ್ಟೂ ಹಿಡಿದರು. ಲಿಂಗಂಪಲ್ಲಿಯ ಮೂರನೆಯ ಮಹಡಿಯ ಮನೆಯಲ್ಲಿ ಹಾಲ್ ಮುಗಿದು ಬೆಡ್‌ರೂಮಿಗೆ ಹೋಗುವ ಪ್ಯಾಸೇಜು ಶುರುವಾಗುವಲ್ಲಿ ಪೈಪಿನ ಚೌಕಟ್ಟು ಎದ್ದಿತು. ಅದರ ಬುಡಕ್ಕೆ ಬಿಜಾಗರಿ ಹಾಕಿ ಪ್ಲೈವುಡ್ ಹಲಗೆ ಜೋಡಿಸಿ, ಹಲಗೆಯ ತುದಿಯ ಹಗ್ಗವನ್ನು ಚೌಕಟ್ಟಿನ ಮೇಲಿಂದ ಹಾಯಿಸಿ ಹಾಲಿಗೆ ಇಳಿಬಿಟ್ಟರು. ಇಳಿಸಿದರೆ ಹಲಗೆ ಹಾಲ್ ಕಡೆ ಮಲಗುತ್ತಿತ್ತು. ಎತ್ತಿದರೆ ಪ್ಯಾಸೇಜಿಗೆ ಬಾಗಿಲಿನಂತೆ ನಿಲ್ಲುತ್ತಿತ್ತು. ಅಳತೆ ಎಷ್ಟು ಕರಾರುವಾಕ್ಕೆಂದರೆ ಹಲಗೆಗೂ ಗೋಡೆಗೂ ನಡುವೆ ಒಂದು ಪೋಸ್ಟ್ ಕಾರ್ಡೂ ತೂರುವಂತಿರಲಿಲ್ಲ.

"ಬೆಡ್‌ರೂಮಿಗೆ ಹೋಗಬೇಕಂದ್ರ ಹೊಳಿ ದಾಟಬೇಕೇನ್ರಿ ಇನ್ನ?" ಎಂದು ಸುಭದ್ರಾ ಕೇಳಿದರು.

"ಎರಡು ವಾರ ಅಷ್ಟ. ಮಗಳ ಸಲುವಾಗಿ."

ಭಾನುವಾರ ಬೆಳಿಗ್ಗೆ ಪೂರ್ವಿ ತಂಡದ ಕೆಲಸಕ್ಕೆ ಶಾಲೆಗೆ ಹೋಗಿದ್ದಳು, ಸುಭದ್ರಾ ಅವಸರದಲ್ಲಿದ್ದರು. ಅವರ ಅಕ್ಕ ಕುಮುದಾ ಮೊದಲ ಸಲ ವಿಮಾನ ಹತ್ತಿ ಹುಬ್ಬಳ್ಳಿಯಿಂದ ಬರುತ್ತಿದ್ದರು. ಹನ್ನೊಂದಕ್ಕೆ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಇರಬೇಕು. ಅವರು ಬೆಡ್‌ರೂಮಿನಲ್ಲಿ ಸೀರೆ ಉಡುತ್ತಿದ್ದಾಗ, ಸಂಜೆ ಮಗಳ ತಂಡ ನೋಡಲು ಬರುತ್ತದೆ, ಒಮ್ಮೆ ಪರೀಕ್ಷೆ ಮಾಡಿಬಿಡೋಣ ಎಂದು ಹುಲಗೇಶಪ್ಪನವರು ಹಾಲಿನಲ್ಲಿ ನಿಂತು ಹಗ್ಗ ಎಳೆದರು. ಹಲಗೆ ಗಂಭೀರವಾಗಿ ಎದ್ದಿತು. ನೆಟ್ಟಗಾಯಿತು. ಇನ್ನೊಂದಿಷ್ಟು ಎಳೆದಾಗ ಎರಡು ಬೆರಳಷ್ಟು ಒಳಗೆ ವಾಲಿ ಗಕ್ಕನೆ ಗೋಡೆಗಳ ನಡುವೆ ಕಚ್ಚಿಕೊಂಡಿತು.

ಹಗ್ಗವನ್ನು ಎಳೆಯಲು ಬರುತ್ತಿತ್ತು, ನೂಕಲು ಬರುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹಲಗೆಯ ಆ ಕಡೆಯಿಂದ ಶಾಂತವಾದ ದನಿ ಬಂತು. "ಏನ್ರಿ, ಇಲ್ಲಿ ಒಂದು ದಾರಿ ಇತ್ತಲ್ಲ, ಎಲ್ಲಿ ಹೋತು?"

"ಸೇತುವೆ ಎದ್ದೈತಿ. ಆ ಕಡೆಯಿಂದ ಸ್ವಲ್ಪ ನೂಕು."

ಸುಭದ್ರಾ ಭುಜ ಕೊಟ್ಟು ನೂಕಿದರು. ಹಲಗೆ ಮಿಸುಕಲಿಲ್ಲ. ಮೂವತ್ತೊಂದು ವರ್ಷದಲ್ಲಿ ಇಷ್ಟು ಗಟ್ಟಿಯಾದ ಕೆಲಸವನ್ನು ಹುಲಗೇಶಪ್ಪನವರು ಕಂಡಿರಲಿಲ್ಲ. ಒಂದು ಗಳಿಗೆ ಹೆಮ್ಮೆಯೂ ಆಯಿತು.

ಇಬ್ಬರೂ ಒಂದೂವರೆ ತಾಸು ಗುದ್ದಾಡಿದರು. ಅಷ್ಟರಲ್ಲಿ ಹಾಲಿನಲ್ಲಿದ್ದ ಸುಭದ್ರಾ ಅವರ ಫೋನು ಬಡಿದುಕೊಂಡಿತು. ಕುಮುದಕ್ಕ.

"ನಾ ಇಳದೀನಿ. ಸುಭದ್ರಾ ಎಲ್ಲಿ?"

"ಅಕ್ಕಾರ, ಆಕಿ ಸೇತುವೆ ಹಂತ್ಯಾಕ ಸಿಕ್ಕೊಂಡಾಳ್ರಿ."

"ಭಾಳ ಗಾಡಿ ಅದಾವೇನು ಅಲ್ಲಿ?"

"ಗಾಡಿ ಒಂದೂ ಇಲ್ರಿ. ಆದ್ರೂ ದಾಟಾಕ ಆಗವಲ್ದು."

"ಹೋಗಲಿ ಬಿಡ್ರಿ, ನಾ ಬಸ್ ಹಿಡದು ಬರ್ತೀನಿ" ಎಂದು ಕುಮುದಕ್ಕ ಫೋನ್ ಇಟ್ಟರು.

ಹಲಗೆಯ ಹಿಂದಿನಿಂದ ಕಿರ್ ಕಿರ್ ಸದ್ದು ಶುರುವಾಯಿತು.

"ಏನ್ ಮಾಡಾಕತ್ತಿ?"

"ಬಿಜಾಗರಿ ಸ್ಕ್ರೂ ಈ ಕಡೆ ಅದಾವು. ಪೂರ್ವಿ ಕಂಪಾಸ್ ಪೆಟ್ಟಿಗಿ ಸ್ಟೀಲ್ ಪಟ್ಟಿ ಸಿಕ್ಕೈತಿ. ಬಿಚ್ಚಾಕತ್ತೀನಿ."

"ಸುಭದ್ರಾ, ಬ್ಯಾಡ. ಸಂಜಿಗೆ ಹುಡುಗರು ಬರ್ತಾರ. ಇನ್ನೊಂದು ಉಪಾಯ ಮಾಡೋಣು."

"ಮಾಡ್ರಿ. ಅಲ್ಲೀತನಕ ನಾ ಬಿಚ್ಚತಿರ್ತೀನಿ."

ಹದಿನಾರು ಸ್ಕ್ರೂ. ಕೊನೆಯದು ಬಿದ್ದು, ಸುಭದ್ರಾ ಹಲಗೆಯ ಬುಡಕ್ಕೆ ಒದ್ದು, ಸಂದಿಯಿಂದ ಮೊಳಕಾಲೂರಿ ಹೊರಗೆ ಬರುವುದಕ್ಕೂ ಕುಮುದಕ್ಕ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಅವರು ತಂಗಿಯನ್ನು ನೋಡಿದರು, ಹಲಗೆಯನ್ನು ನೋಡಿದರು. "ಇದ ಏನು ಸೇತುವೆ?" ಎಂದರು. ತಂಗಿಯ ಗಂಡನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಹುಲಗೇಶಪ್ಪನವರಿಗೆ ಅನ್ನಿಸಿತು.

ಆದರೂ ಧೈರ್ಯಗೆಡಲಿಲ್ಲ. ಹಲಗೆ ಕಚ್ಚಿಕೊಂಡರೇನಂತೆ, ಊಹೆ ಗಟ್ಟಿಯಾಗಿತ್ತಲ್ಲ. ಸಂಜೆ ಬಂದ ಮಕ್ಕಳಿಗೆ ಕೆಡವಿದ ಸೇತುವೆಯನ್ನೇ ತೋರಿಸಿ ವಿವರಿಸಿದರು.

ಮುಂದಿನ ಶನಿವಾರ ಆಟದ ವಿಡಿಯೋ ಬಂತು. ಎಲ್ಲರೂ ಟಿವಿ ಮುಂದೆ ಕೂತರು. ಪರದೆಯ ಮೇಲೆ ಪಿವಿಸಿ ಪೈಪಿನ ಕಂಬಗಳೆದ್ದವು. ಕಂಬಗಳ ಮೇಲೆ ನೀಲಿ ತಾಡಪತ್ರಿ ಹೊದಿಸಿದರು. ಅದು ಹೊಳೆಯಾಗಿ ಕೆಳಗೆ ಹರಿಯದೆ ನೆರಳಾಗಿ ಮೇಲೆ ನಿಂತಿತು. ಪ್ಲೈವುಡ್ ಕಟ್ಟೆಯಾಯಿತು. ಕಟ್ಟೆಗೊಂದು ಎತ್ತಿ ಇಳಿಸುವ ಹಲಗೆ, ಅದಕ್ಕೆ ಬಿಜಾಗರಿ. ಹಗ್ಗ ಸರಪಳಿ ಸೇರಿ ತಕ್ಕಡಿ. ಕೆಂಪು ಚೆಂಡು ಟೊಮ್ಯಾಟೊ, ನೇರಳೆ ಚೆಂಡು ಬದನೆಕಾಯಿ, ಹಳದಿ ಚೆಂಡು ನಿಂಬೆಹಣ್ಣು. ಆಟದ ಹೆಸರು ತರಕಾರಿ ಸಂತೆ. ರೋಬೋಟು ಒಳ್ಳೆಯದನ್ನು ಆರಿಸಿ, ತೂಗಿ, ಬುಟ್ಟಿಗೆ ಹಾಕಬೇಕು. ಕಪ್ಪು ಚುಕ್ಕೆ ಇರುವುದನ್ನು ಎತ್ತಿದರೆ ಅಂಕ ಹೋಯಿತು. ಕೊನೆಯ ಸುತ್ತಿನಲ್ಲಿ ಚೆಂಡಿನ ಬದಲು ನಿಜವಾದ ಕಾಯಿಗಳನ್ನೇ ಇಡುತ್ತಾರಂತೆ.

ಪೂರ್ವಿ ಎದ್ದು, "ಪಕ್ಕಾ ಅಂದಿದ್ದಿ ಪಪ್ಪಾ" ಎಂದಷ್ಟೇ ಹೇಳಿ ಕೋಣೆಗೆ ಹೋದಳು. ಆ ದಿನ ಅವಳು ಊಟಕ್ಕೂ ಸರಿಯಾಗಿ ಕೂರಲಿಲ್ಲ. ಅವಳನ್ನು ನಂಬಿ ಐದು ಮಕ್ಕಳು ಎರಡು ವಾರ ಕೊಕ್ಕೆ ಮಾಡಿದ್ದರು. ಅವಳು ನಂಬಿದ್ದು ತಮ್ಮನ್ನು. ಹುಲಗೇಶಪ್ಪನವರು ತಟ್ಟೆ ಸರಿಸಿ ಎದ್ದರು.

ಸೋಮವಾರ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದರು. ಲ್ಯಾಬಿನಲ್ಲಿ ಆರೂ ಮಕ್ಕಳು ಆ ಉದ್ದನೆಯ ತೋಳಿನ ಸುತ್ತ ನಿಂತಿದ್ದರು. ಹುಲಗೇಶಪ್ಪನವರು ಕೈಕಟ್ಟಿ ನಿಂತು ಹೇಳಿದರು: ತಪ್ಪು ಪೂರ್ವಿಯದಲ್ಲ, ನನ್ನದು. ಪಟ್ಟಿಯಲ್ಲಿ ಇದ್ದದ್ದನ್ನು ನಾನು ಓದಲಿಲ್ಲ, ನನ್ನ ತಲೆಯಲ್ಲಿ ಇದ್ದದ್ದನ್ನು ಓದಿದೆ. ನಿಮ್ಮ ಸರ್ ಮಾತೇ ಸರಿಯಾಗಿತ್ತು.

ದೀಪಕ ಸರ್ ಒಂದು ಕುರ್ಚಿ ಸರಿಸಿ ಕೂರಿಸಿದರು. ಸಮರ್ಥ್ ಎಂಬ ಹುಡುಗ, "ಚಕ್ರ ಮೋಟರು ಎಲ್ಲಾ ಸರಿ ಅದಾವು ಅಂಕಲ್, ತೋಳು ಒಂದ ಬದಲು ಮಾಡಿದ್ರ ಆತು" ಎಂದ. ಪೂರ್ವಿ ಇನ್ನೂ ನೆಲ ನೋಡುತ್ತಿದ್ದಳು. ಆದರೆ ಅಪ್ಪನ ಕುರ್ಚಿಯ ಪಕ್ಕಕ್ಕೆ ಬಂದು ನಿಂತಳು.

ಅವಳ ಗೆಳತಿ ಲಹರಿ ಕೇಳಿದಳು: "ಅಂಕಲ್, ಬದನೆಕಾಯಿ ಚಲೋದು, ಕೆಟ್ಟದ್ದು ಅಂತ ಹೆಂಗ ಗುರುತು ಹಿಡಿತಾರ?"

ಹೈದರಾಬಾದಿಗೆ ಬಂದಾಗಿನಿಂದ ಹುಲಗೇಶಪ್ಪನವರು ಕಾಯಿಪಲ್ಲೆ ತಂದದ್ದಿಲ್ಲ. "ಅದನ್ನ ಪೂರ್ವಿ ಅಮ್ಮನ್ನ ಕೇಳಬೇಕಾಕೈತಿ" ಎಂದರು.

ಹಾಗಾಗಿ ಮುಂದಿನ ಭಾನುವಾರ ಇಡೀ ತಂಡ ಸುಭದ್ರಾ ಅವರ ಹಿಂದೆ ರೈತು ಬಜಾರಿಗೆ ಹೋಯಿತು. ಸುಭದ್ರಾ ಒಂದೊಂದೇ ಕಾಯಿ ಎತ್ತಿ ತೋರಿಸುವುದು, ಮಕ್ಕಳು ಫೋಟೋ ತೆಗೆಯುವುದು. ಕುಮುದಕ್ಕ ಪಕ್ಕದಲ್ಲಿ ನಿಂತು ತಿದ್ದುವುದು. ಯಾರೂ ತಮ್ಮನ್ನು ಏನೂ ಕೇಳದಿದ್ದಾಗ ಹುಲಗೇಶಪ್ಪನವರಿಗೆ ತಡೆಯಲಾಗಲಿಲ್ಲ. ತಾವೂ ಒಂದು ಚೀಲ ಹಿಡಿದು, ಬಗ್ಗಿ, ಬಹಳ ಹೊತ್ತು ಆರಿಸಿ ಒಂದು ಕಿಲೋ ಬದನೆಕಾಯಿ ತಂದರು.

ಸುಭದ್ರಾ ಚೀಲಕ್ಕೆ ಕೈ ಹಾಕಿದರು. ಒಂದು ತೆಗೆದು ತಿರುಗಿಸಿದರು, ತೂತು. ಎರಡನೆಯದು, ತೂತು. ಮೂರನೆಯದರಿಂದ ಹುಳವೇ ತಲೆ ಹೊರಗೆ ಹಾಕಿ ನೋಡಿತು.

"ಕೆಟ್ಟದ್ದು ಒಂದೂ ಬಿಡದಂಗ ಆರಿಸೀರಲ್ರಿ" ಎಂದು ಅವರು ಚೀಲ ಸುರುವಲು ಹೊರಟರು.

"ಅಮ್ಮಾ, ಚೆಲ್ಲಬ್ಯಾಡ" ಎಂದು ಪೂರ್ವಿ ಓಡಿಬಂದು ಚೀಲ ಕಸಿದುಕೊಂಡಳು. ಒಂದು ವಾರದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ನಗುವಿತ್ತು. "ಯಾವುದನ್ನ ಎತ್ತಬಾರದು ಅಂತ ರೋಬೋಟಿಗೆ ಕಲಿಸಾಕ ಕೆಟ್ಟ ಕಾಯಿ ಬೇಕಾಗಿದ್ವು. ಮುಂಜಾನಿಂದ ಆರು ಮಂದಿ ಹುಡುಕಿದ್ರೂ ನಾಕ ಸಿಕ್ಕಿದ್ವು. ಪಪ್ಪಾ, ಮುಂದಿನ ವಾರ ಟೊಮ್ಯಾಟೊನೂ ನೀನ ಆರಿಸಬೇಕು."