ಹಂಪಣ್ಣನ ಎಡೆ

ಇಂಗ್ಲಿಷ್ ಕಲಿಯಲು ಹೊರಟರೆ ಒಬ್ಬ ಇಂಗ್ಲಿಷಿನವನನ್ನು ಕೊಲ್ಲಬೇಕಾಗಿ ಬರುತ್ತದೆ ಎಂದು ಬರಗೂರಿನ ಜಯಕುಮಾರನಿಗೆ ಯಾರಾದರೂ ಮೊದಲೇ ಹೇಳಿದ್ದರೆ ಅವನು ಆ ಭಾಷೆಯ ಸಹವಾಸಕ್ಕೇ ಹೋಗುತ್ತಿರಲಿಲ್ಲ. ಯಾರೂ ಹೇಳಲಿಲ್ಲ. ಹೋದ, ಕೊಂದ, ಸಿಕ್ಕಿಬಿದ್ದ.

ಜಯಕುಮಾರ್ ಶಿರಾದ ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಚೆಕ್ಕಿಂಗ್ ಸೂಪರ್‌ವೈಸರ್. ಅಂಗಿಯ ಗುಂಡಿ ಕೂದಲೆಳೆಯಷ್ಟು ಸರಿದಿದ್ದರೂ ದೂರದಿಂದಲೇ ಹಿಡಿಯುವ ಕಣ್ಣು ಅವನದು. ಆದರೆ ಬಟ್ಟೆ ಕೊಳ್ಳಲು ವಿದೇಶದ ಬಯ್ಯರ್‌ಗಳು ಬಂದ ದಿನ ಆ ಕಣ್ಣು ನೆಲ ನೋಡುತ್ತಿತ್ತು. ಅವರು ಏನೇ ಕೇಳಲಿ, ಇವನ ಬಳಿ ಇದ್ದದ್ದು ‘ಎಸ್ ಸರ್’, ‘ನೋ ಸರ್’, ‘ಟೂ ಮಿನಿಟ್ಸ್ ಸರ್’ ಎಂಬ ಉತ್ತರಗಳು ಮಾತ್ರ. (ಕೊನೆಯದು, ಹೇಳಿ ಓಡಿಹೋಗಲಿಕ್ಕೆ.) ಈಗ ಫ್ಲೋರ್ ಮ್ಯಾನೇಜರ್ ಕುರ್ಚಿ ಖಾಲಿಯಾಗಿತ್ತು. ದಸರಾ ರಜೆಗೆ ಮುಂಚೆ ಸಂದರ್ಶನ, ಅದೂ ಇಂಗ್ಲಿಷಿನಲ್ಲಿ. ಅದು ಕೈತಪ್ಪಿದರೆ, ಕಾಜಾ ಯಾವುದು ಕಾಲರ್ ಯಾವುದು ಎಂದು ತಿಳಿಯದಿದ್ದರೂ ಪ್ರತಿ ಮಾತನ್ನೂ ‘ಆಕ್ಚುಲಿ’ ಎಂದು ಶುರುಮಾಡುವ ಒಬ್ಬ ಎಳೆಯನ ಕೈಕೆಳಗೆ ದುಡಿಯಬೇಕಿತ್ತು. ಆ ಯೋಚನೆ ಬಂದರೆ ಜಯಕುಮಾರನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆದ್ದರಿಂದ ಅವನು ಚಿಕ್ಕನರಸಯ್ಯ ಮೇಷ್ಟ್ರ ಕಾಲು ಹಿಡಿದ. ಮಧುಗಿರಿಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಹೇಳಿ, ನಿವೃತ್ತರಾಗಿ ಊರಿಗೆ ಮರಳಿದ್ದ ಮೇಷ್ಟ್ರಿಗೆ ವ್ಯಾಕರಣದ ಪುಸ್ತಕ ಕಂಡರೆ ಆಗುತ್ತಿರಲಿಲ್ಲ. ಅವರು ಇವನ ಕೈಗೆ ಇಟ್ಟದ್ದು ಒಂದು ದಪ್ಪ ಕಾದಂಬರಿ.

“ಇದನ್ನ ಓದು. ಭಾನುವಾರ ನಿಮ್ಮ ಮನೆಗೇ ಬರ್ತೀನಿ. ಕತೆಯ ನಾಯಕ ಮಾಡಿದ್ದು ಸರಿಯೋ ತಪ್ಪೋ, ಅವನ ಜಾಗದಲ್ಲಿ ನೀನಿದ್ದಿದ್ರೆ ಏನು ಮಾಡ್ತಿದ್ದೆ ಅಂತ ಇಂಗ್ಲಿಷಲ್ಲಿ ವಾದ ಮಾಡೋಣ. ಓದಿದ್ದನ್ನ ದಿನಾ ಮನೆಯವರಿಗೆ ಕನ್ನಡದಲ್ಲಿ ಹೇಳು, ತಲೇಲಿ ನಿಲ್ಲುತ್ತೆ. ನನ್ನದು ಒಂದೇ ನಿಯಮ. ಓದದೆ ಓದಿದೆ ಅಂದ ದಿನ ಪಾಠ ಬಂದ್.”

ಮನೆಯಲ್ಲಿ ಕೇಳುವವರು ಇಬ್ಬರು: ಹೆಂಡತಿ ಅಶ್ವಿನಿ, ತಾಯಿ ಕೊಲ್ಲಾಪುರಮ್ಮ. ಕತೆಯ ನಾಯಕ ಹಂಫ್ರಿ. ತಂದೆತಾಯಿ ಇಲ್ಲದ ಅನಾಥ, ಹಿಟ್ಟಿನ ಗಿರಣಿಯಲ್ಲಿ ಕೆಲಸ. ಊರಿನ ದೊಡ್ಡ ಜಮೀನ್ದಾರನ ಮಗಳು ಮಾರ್ಗರೆಟ್ ಮೇಲೆ ಅವನಿಗೆ ಮನಸ್ಸು. ಅವಳಪ್ಪ ಒಪ್ಪುವುದಿಲ್ಲ. ಮೊದಲ ದಿನವೇ ಕೊಲ್ಲಾಪುರಮ್ಮ ಈ ಹೆಸರುಗಳನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರು. ಹಂಫ್ರಿ ಹಂಪಣ್ಣನಾದ. ಮಾರ್ಗರೆಟ್ ಮಾರಕ್ಕನಾದಳು.

“ಗಿರಣಿ ಕೆಲ್ಸ ಅಂದ್ರೆ ಏನ್ ಕಮ್ಮೀನಾ? ಹಂಪಣ್ಣ ಕುಡಿಯಲ್ಲ, ಜೂಜಾಡಲ್ಲ. ಆ ಮುದುಕನಿಗೆ ಇನ್ನೆಂಥಾ ಅಳಿಯ ಬೇಕಂತೆ?” ಎಂದು ಕೊಲ್ಲಾಪುರಮ್ಮ.

“ಅತ್ತೆ, ಹೆಣ್ಣು ಹೆತ್ತೋರಿಗೆ ಅವರದ್ದೇ ಯೋಚ್ನೆ ಇರುತ್ತೆ. ಮಳೇಲಿ ನಿಂತ್ಕೊಂಡು ಕಿಟಕಿ ನೋಡೋನಿಗೆ ಯಾರು ಕೊಡ್ತಾರೆ? ಬಾಗ್ಲು ತಟ್ಟಿ ಕೇಳೋಕೆ ಏನು ರೋಗ?” ಎಂದು ಅಶ್ವಿನಿ.

“ಹಿಂದೆ ಮುಂದೆ ಯಾರೂ ಇಲ್ದೋನು ಕಣಮ್ಮ, ಹೆಣ್ಣು ಕೇಳಕ್ಕೆ ಯಾರನ್ನ ಕರ್ಕೊಂಡ್ ಹೋಗ್ತಾನೆ? ಜಯಣ್ಣ, ನಾವು ಅಲ್ಲಿದ್ದಿದ್ರೆ ನಾನೇ ಹೋಗ್ತಿದ್ದೆ ಕಣ್ಲಾ.”

ಹೀಗೆ ಇಂಗ್ಲೆಂಡಿನ ಒಂದು ಮದುವೆ ವ್ಯವಹಾರ ಬರಗೂರಿನ ಅಡುಗೆಮನೆಯಲ್ಲಿ ಪ್ರತಿದಿನ ಪಂಚಾಯಿತಿಗೆ ಬರತೊಡಗಿತು. ಮುದ್ದೆ ತಟ್ಟೆಗೆ ಬೀಳಬೇಕಾದರೆ ಮೊದಲು ಕತೆ ಹೊರಬೀಳಬೇಕು. ಕೆಲವು ವಾರ ಜಯಕುಮಾರ್ ಪ್ರಾಮಾಣಿಕವಾಗಿ ಓದಿದ. ಆಮೇಲೆ ಕಾರ್ಖಾನೆಯಲ್ಲಿ ಓವರ್‌ಟೈಮ್ ಶುರುವಾಯಿತು, ಟೀವಿಯಲ್ಲಿ ಕ್ರಿಕೆಟ್ ಶುರುವಾಯಿತು. (ಎರಡರಲ್ಲಿ ಯಾವುದು ಹೆಚ್ಚು ತೊಂದರೆ ಕೊಟ್ಟಿತೆಂದು ಅಶ್ವಿನಿಯನ್ನು ಕೇಳಬೇಡಿ.) ಅವನು ಅಧ್ಯಾಯದ ಮೊದಲ ಪುಟ, ಕೊನೆಯ ಪುಟ ಓದಿ, ನಡುವಿನದ್ದನ್ನು ದೇವರ ಮೇಲೆ ಬಿಟ್ಟ. ಮೇಷ್ಟ್ರು ಏನೇ ಕೇಳಿದರೂ ಗಲ್ಲ ಕೆರೆದುಕೊಂಡು, “ಇಟ್ ಈಸ್ ವೆರಿ ಡಿಫಿಕಲ್ಟ್ ಸಿಚುಯೇಶನ್ ಸರ್” ಎನ್ನುತ್ತಿದ್ದ. ಯಾವ ಕಾದಂಬರಿಯ ಯಾವ ಅಧ್ಯಾಯಕ್ಕೂ ಹೊಂದುವ ಮಾತು ಅದು.

ಆದರೆ ತಾಯಿಯ ಮುಂದೆ ಆ ಮಾತು ನಡೆಯುತ್ತಿರಲಿಲ್ಲ. ಭಾರತ ಗೆಲ್ಲಲು ಕೊನೆಯ ಕೆಲವು ಓವರ್ ಉಳಿದಿದ್ದ ಒಂದು ಸಂಜೆ ಕೊಲ್ಲಾಪುರಮ್ಮ ಟೀವಿಗೆ ಅಡ್ಡವಾಗಿ ಬಂದು ನಿಂತರು.

“ಹಂಪಣ್ಣ ಹಡಗು ಹತ್ತಕ್ಕೆ ಗಂಟುಮೂಟೆ ಕಟ್ಟಿದ್ದ ಅಂದೆ. ಆಮೇಲೆ ಹೆಂಗಾಯ್ತು?”

“ನಾಳೆ ಹೇಳ್ತೀನಿ ಬುಡಮ್ಮ.”

“ನೆನ್ನೇನೂ ಇಂಗೇ ಅಂದೆ. ಈಗ್ಲೇ ಹೇಳು.”

ಬೌಲರ್ ಓಡಿಬರುತ್ತಿದ್ದ. ಜಯಕುಮಾರನಿಗೆ ಮೈಯೆಲ್ಲ ಉರಿಯಿತು. “ಹಡಗು ಮುಳುಗ್ತು ಕಣಮ್ಮ! ಹಂಪಣ್ಣ ಸತ್ತೋದ! ಮುಗೀತು ಕತೆ! ಸ್ವಲ್ಪ ಪಕ್ಕಕ್ಕೆ ಬಾ!”

ಕೊಲ್ಲಾಪುರಮ್ಮ ಪಕ್ಕಕ್ಕೆ ಬಂದರು. ಭಾರತ ಗೆದ್ದಿತು. ಆ ರಾತ್ರಿ ಅವರು ಮುದ್ದೆ ಮುಟ್ಟಲಿಲ್ಲ. ಜಯಕುಮಾರನಿಗೆ ಒಳಗೇ ಚುಚ್ಚಿತು, ಆದರೆ ಕತೆ ಹೇಳುವ ಕಾಟ ತಪ್ಪಿದ ಸುಖ ಅದಕ್ಕಿಂತ ದೊಡ್ಡದಾಗಿತ್ತು. ಭಾನುವಾರ ಮೇಷ್ಟ್ರು ಬಂದು ನಡುಮನೆಯಲ್ಲಿ ಇಂಗ್ಲಿಷಿನಲ್ಲಿ ‘ಹಂಫ್ರಿ, ಹಂಫ್ರಿ’ ಎನ್ನುವಾಗ ಅಡುಗೆಮನೆಯಿಂದ ಕೊಲ್ಲಾಪುರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಸೊಸೆಗೆ ಹೇಳುತ್ತಿದ್ದರು: “ಪಾಪ, ಮೇಷ್ಟ್ರಿಗೆ ಇನ್ನೂ ಅವನ್ದೇ ಗ್ಯಾನ.”

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಹಿರಿಯರ ಹಬ್ಬ. ಜಯಕುಮಾರನ ಮನೆಯಲ್ಲಿ ಸತ್ತವರಿಗೆ ಇಷ್ಟವಾಗಿದ್ದನ್ನೆಲ್ಲ ಬಾಳೆಯೆಲೆಯಲ್ಲಿ ಬಡಿಸಿ ಎಡೆ ಇಡುತ್ತಾರೆ. ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಬಾಗಿಲು ತೆಗೆಯುವಂತಿಲ್ಲ. ಆ ದಿನದ ಊಟಕ್ಕೆ ಕೊಲ್ಲಾಪುರಮ್ಮ ಮೇಷ್ಟ್ರನ್ನೂ ಕರೆದಿದ್ದರು.

ಗೋಡೆಯ ಬುಡದಲ್ಲಿ ಸಾಲಾಗಿ ಎಲೆಗಳು. ತೀರಿಕೊಂಡ ಗಂಡ ತಿಮ್ಮರಾಯಪ್ಪನಿಗೆ ವಡೆ, ಪಾಯಸ, ಒಂದು ಕಟ್ಟು ಬೀಡಿ. ಅತ್ತೆ ಮಾವಂದಿರಿಗೆ ಕಜ್ಜಾಯ, ಎಲೆ ಅಡಿಕೆ. ಕೊನೆಯ ಎಲೆಯ ಮೇಲೆ ಶಿರಾದ ಬೇಕರಿಯಿಂದ ತರಿಸಿದ ಬನ್ನು, ಬಿಸ್ಕತ್ತು, ಒಂದು ಲೋಟ ಹಾಲಿಲ್ಲದ ಟೀ. ಜಯಕುಮಾರ್ ಆ ಎಲೆಯನ್ನು ನೋಡಿದ. ಯಾವುದೋ ಚಿಕ್ಕಪ್ಪನದಿರಬೇಕು ಎಂದುಕೊಂಡ. (ಕಾರ್ಖಾನೆಯ ಹೊರಗೆ ಅವನ ಕಣ್ಣಿಗೆ ರಜೆ.)

ಕೊಲ್ಲಾಪುರಮ್ಮ ಕೈಮುಗಿದು ಗಂಡನನ್ನು ಕರೆದರು, ಅತ್ತೆ ಮಾವನನ್ನು ಕರೆದರು. ಕೊನೆಗೆ, “ಹಂಪಣ್ಣ, ನೀನೂ ಬಂದು ಉಣ್ಣಪ್ಪ. ನೀರಲ್ಲಿ ಹೋದ ಜೀವ, ದಾರಿ ತಪ್ಬ್ಯಾಡ” ಎಂದು ಕದ ಎಳೆದುಕೊಂಡು ಹೊರಗೆ ಬಂದರು. ಜಯಕುಮಾರ್ ಮೆಲ್ಲಗೆ ಎಲ್ಲರ ಹಿಂದಕ್ಕೆ ಸರಿದ.

ಜಗಲಿಯ ಮೇಲೆ ಮೇಷ್ಟ್ರು ಕನ್ನಡಕ ಒರೆಸುತ್ತಾ ಕೇಳಿದರು: “ಹಂಪಣ್ಣ ಅಂದ್ರೆ ನಿಮ್ಮ ತೌರುಮನೆ ಕಡೆಯವರಾ, ಕೊಲ್ಲಾಪುರಮ್ಮ?”

“ಅಯ್ಯೋ, ನಿಮ್ಮ ಬುಕ್ಕಿನೋನೇ ಮೇಷ್ಟ್ರೇ! ಹಡಗು ಮುಳುಗಿ ಸತ್ತೋದ್ನಲ್ಲ. ಹೆಂಡ್ತಿಲ್ಲ, ಮಕ್ಕಳಿಲ್ಲ. ಅವನಿಗೆ ಎಡೆ ಇಕ್ಕೋರು ಯಾರವ್ರೆ? ಇಷ್ಟ್ ದಿನ ನಮ್ಮನೇಲಿ ಓಡಾಡ್ಕೊಂಡಿದ್ದಂಗಿತ್ತು. ಮನ್ಸು ತಡೀಲಿಲ್ಲ.”

ಮೇಷ್ಟ್ರು ಮೆಲ್ಲಗೆ ಶಿಷ್ಯನತ್ತ ತಿರುಗಿದರು. ಶಿಷ್ಯ ಎದುರು ಮನೆಯ ಎಮ್ಮೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

“ಹಂಫ್ರಿ ಹಡಗೇ ಹತ್ತಿಲ್ಲ ಕಣಮ್ಮ,” ಎಂದರು ಮೇಷ್ಟ್ರು. “ಹೊರಡೋ ದಿನ ಜ್ವರ ಬಂದು ಗಿರಣೀಲೇ ಮಲಗಿದಾನೆ. ಹೋದ ಭಾನುವಾರ ನಿಮ್ಮ ಮಗ ಇದೇ ಅಧ್ಯಾಯಾನ ಓದಿದೀನಿ ಅಂತ ನನ್ನ ಹತ್ರ ಇಡೀ ಮಧ್ಯಾಹ್ನ ಮಾತಾಡಿದಾನೆ.”

ಕೊಲ್ಲಾಪುರಮ್ಮನ ಮುಖದಲ್ಲಿ ಮೊದಲು ಸಂತೋಷ, ಆಮೇಲೆ ಅದರ ಅರ್ಥ, ಆಮೇಲೆ ಮಗ, ಈ ಕ್ರಮದಲ್ಲಿ ಬಂದು ಹೋದವು.

“ಬದುಕಿರೋನಿಗೆ ಎಡೆ ಇಕ್ಕಿಸ್ಬುಟ್ಟಲ್ಲೋ ಪಾಪಿ! ಜ್ವರದಲ್ಲಿ ಬಿದ್ದಿರೋ ಮಗೀಗೆ!”

“ಅಮ್ಮಾ, ಅದು ಕತೆ…”

“ಕತೇಲಿ ಇದ್ರೆ ಜೀವ ಅಲ್ವೇನ್ಲಾ? ಅಶ್ವಿನಿ, ಕದ ತೆಗಿ, ಆ ಎಲೆ ಎತ್ತು!”

“ಹೆಂಗೆ ತೆಗೀಲಿ ಅತ್ತೆ? ಮಾವ ಒಳಗೆ ಉಣ್ತಾ ಇರ್ತಾರಲ್ಲ!”

ಅದು ನಿಜ. ಕದ ತೆಗೆಯುವಂತಿರಲಿಲ್ಲ. ಬದುಕಿರುವವನ ಎಲೆ ಒಳಗೆ, ಅದನ್ನು ಇಡಿಸಿದವನು ಹೊರಗೆ. ಕಾಯುವಷ್ಟು ಹೊತ್ತೂ ಕೊಲ್ಲಾಪುರಮ್ಮ ಮಗನಿಗೆ ಮಂಗಳಾರತಿ ಮಾಡಿದರು. ಅಶ್ವಿನಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಕೊನೆಗೆ ತೀರ್ಪು ಬಂತು: ಮನೆದೇವರಿಗೆ ಜಯಕುಮಾರ್ ನಾಳೆ ಬೆಳಿಗ್ಗೆಯೇ ಮುಡಿ ಕೊಡಬೇಕು. ಮೀಸೆ ಸಮೇತ.

“ನಾಳಿದ್ದು ಇಂಟರ್‌ವ್ಯೂ ಇದೆ ಕಣಮ್ಮ!”

“ಇರ್ಲಿ ಬುಡು. ಹಂಪಣ್ಣನ ಜ್ವರ ಬಿಡ್ಬೇಕು.”

ಜಯಕುಮಾರ್ ಮೇಷ್ಟ್ರತ್ತ ದೀನನಾಗಿ ನೋಡಿದ. ಮೇಷ್ಟ್ರು, “ನಿನ್ನ ಪಾಠ ಇವತ್ತಿಗೆ ಬಂದ್. ಇನ್ನು ಭಾನುವಾರ ಬಂದು ಕತೆಯನ್ನ ನಿಮ್ಮ ತಾಯಿಗೇ ನೇರವಾಗಿ ಹೇಳ್ತೀನಿ. ಓದುಗ ಅಂದ್ರೆ ಅವರು” ಎಂದರು. ಆಮೇಲೆ ಒಳಗೆ ಹೋಗಿ ಎರಡು ಸಲ ಪಾಯಸ ಹಾಕಿಸಿಕೊಂಡರು. ಊಟದ ವಿಷಯದಲ್ಲಿ ಅವರಿಗೆ ಯಾವ ನಿಯಮವೂ ಇರಲಿಲ್ಲ.

ಸಂದರ್ಶನದ ಕೋಣೆಗೆ ಜಯಕುಮಾರ್ ಕಾಲಿಟ್ಟಾಗ ಅವನ ನುಣ್ಣನೆಯ ತಲೆಯ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು. ಮೇಜಿನ ಆಚೆ ಇದ್ದವರು ಕಾರ್ಖಾನೆಯ ದೊಡ್ಡ ಸಾಹೇಬರು ಮತ್ತು ಹೆಡ್ ಆಫೀಸಿನಿಂದ ಬಂದ ಒಬ್ಬ ಮೇಡಂ. ಆ ಮೇಡಂ ತಲೆ ನೋಡಿ ಪೆನ್ನು ಕೆಳಗಿಟ್ಟು, ತುಂಬ ಮೆತ್ತಗೆ ಇಂಗ್ಲಿಷಿನಲ್ಲಿ ಕೇಳಿದರು: ಮನೆಯಲ್ಲಿ ಯಾರು ತೀರಿಕೊಂಡರು?

“ನೋಬಡಿ ಮೇಡಂ,” ಎಂದ. ಅವರು ಇನ್ನೂ ನೋಡುತ್ತಲೇ ಇದ್ದರು. “ಒನ್ ಹಂಫ್ರಿ… ಬಟ್ ಹಿ ಈಸ್ ಅಲೈವ್.”

ಇಷ್ಟು ಹೇಳಿದ ಮೇಲೆ ನಿಲ್ಲಿಸಲು ಬರುವಂತಿರಲಿಲ್ಲ. ಹಂಫ್ರಿ ಯಾರು, ಅವನ ಗಿರಣಿ, ಮಾರ್ಗರೆಟ್, ತಾಯಿ, ಕ್ರಿಕೆಟ್, ಹಡಗು, ಬಾಳೆಯೆಲೆ, ಬನ್ನು, ಮುಚ್ಚಿದ ಬಾಗಿಲು, ಎಲ್ಲವನ್ನೂ ಅವನು ಇಂಗ್ಲಿಷಿನಲ್ಲೇ ವಿವರಿಸಬೇಕಾಯಿತು. ಕ್ರಿಯಾಪದಗಳು ಹಿಂದುಮುಂದಾದವು, ಕೆಲವು ದಾರಿಯಲ್ಲೇ ಬಿದ್ದುಹೋದವು. ಎಡೆಗೆ ಇಂಗ್ಲಿಷ್ ಸಿಗದೆ ‘ಲಂಚ್ ಫಾರ್ ಡೆಡ್ ಪರ್ಸನ್ಸ್’ ಎಂದ. ಮೇಡಂ ಕಣ್ಣೊರೆಸಿಕೊಂಡು ನಗುತ್ತಿದ್ದರು. ಸಾಹೇಬರು ನೀರು ಕುಡಿಯಲು ಹೋಗಿ ನೆತ್ತಿಗೆ ಹತ್ತಿಸಿಕೊಂಡರು. ಸುಧಾರಿಸಿಕೊಂಡು, ಇದರಿಂದ ನೀನು ಕಲಿತದ್ದೇನು ಎಂದು ಕೇಳಿದರು.

ಜಯಕುಮಾರ್ ಯೋಚಿಸಲಿಲ್ಲ. ಬಂದದ್ದನ್ನು ಹೇಳಿದ: ನಾನು ಚೆಕ್ಕಿಂಗ್‌ನವನು ಸರ್. ಪೂರ್ತಿ ನೋಡದೆ ಪೀಸನ್ನು ಪಾಸ್ ಮಾಡಿದೆ. ಕಾರ್ಖಾನೆಯಲ್ಲಿ ಯಾವತ್ತೂ ಮಾಡಿಲ್ಲ, ಮನೆಯಲ್ಲಿ ಮಾಡಿದೆ. ಪೀಸು ವಾಪಸ್ ಬಂತು.

ಸಾಹೇಬರು ನಗು ನಿಲ್ಲಿಸಿ ಮೇಡಂ ಮುಖ ನೋಡಿದರು. ಮೇಡಂ ಕಾಗದದ ಮೇಲೆ ಏನೋ ಬರೆದು ಕೈಕುಲುಕಿದರು. ಸೋಮವಾರ ಬಂದು ಪ್ರಮೋಷನ್ ಆರ್ಡರ್ ತೆಗೆದುಕೊಳ್ಳಿ, ಬರುವಾಗ ಆ ಕಾದಂಬರಿಯ ಕೊನೆಯನ್ನೂ ಓದಿಕೊಂಡು ಬನ್ನಿ, ನನಗೆ ಹೇಳಲೇಬೇಕು, ಎಂದರು.

ಬರಗೂರು ಬಸ್ಸಿನ ಕಿಟಕಿ ಪಕ್ಕ ಕೂತು ಜಯಕುಮಾರ್ ಪುಸ್ತಕ ತೆಗೆದ. ಎದೆ ತುಂಬಿತ್ತು. ಯಾರ ಬಲವಂತವೂ ಇಲ್ಲದೆ ಒಂದು ಪುಟವನ್ನೂ ಹಾರಿಸದೆ ಅವನು ಓದಿದ್ದು ಅದೇ ಮೊದಲು. ಮೇಷ್ಟ್ರು ಅಲ್ಲಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದ ಅರ್ಥಗಳು ಈಗ ಬೇಕಾಗಲೇ ಇಲ್ಲ. ಗಿರಣಿಯಲ್ಲಿ ಹಂಫ್ರಿಗೆ ಜ್ವರ ಏರುತ್ತಿದೆ. ಮಾರ್ಗರೆಟ್ ಅಪ್ಪನ ಮಾತು ಮೀರಿ ಮಳೆಯಲ್ಲಿ ಓಡಿ ಬರುತ್ತಿದ್ದಾಳೆ. ಬರಗೂರು ಬಂತು, ಹೋಯಿತು. ಅವನಿಗೆ ಗೊತ್ತಾಗಲಿಲ್ಲ.

ಮುಂದಿನ ಯಾವುದೋ ಊರಿನ ಗೇಟ್ ಸ್ಟಾಪಿನಲ್ಲಿ ಕಂಡಕ್ಟರ್ ಬೈದು ಇಳಿಸಿದಾಗ ಜಯಕುಮಾರನ ಕೆನ್ನೆ ಒದ್ದೆಯಾಗಿತ್ತು. ಹುಣಸೆಮರದ ಕೆಳಗೆ ನಿಂತು ಮನೆಗೆ ಫೋನ್ ಮಾಡಿದ. ಅಶ್ವಿನಿ ಎತ್ತಿದಳು. ಮ್ಯಾನೇಜರ್ ಕೆಲಸ ಸಿಕ್ಕಿತು ಎಂದು ಒಂದೇ ಉಸಿರಿನಲ್ಲಿ ಹೇಳಿ, ಅವಳು ಕುಣಿಯುವುದಕ್ಕೂ ಬಿಡದೆ, “ಅಮ್ಮನಿಗೆ ಕೊಡು” ಎಂದ.

“ಹೇಳಪ್ಪ, ನನ್ ಬಂಗಾರ,” ಎಂದರು ಕೊಲ್ಲಾಪುರಮ್ಮ.

“ಅಮ್ಮಾ,” ಎಂದ. “ಹಂಪಣ್ಣ… ಜ್ವರ ಬಿಡಲೇ ಇಲ್ಲ ಕಣಮ್ಮ. ಮಾರಕ್ಕ ಬರೋ ಹೊತ್ತಿಗೆ ಹೋಗ್ಬುಟ್ಟ. ಈಗ ನಿಜವಾಗ್ಲೂ ಸತ್ತೋದ.”

“ಲೇ ಜಯ,” ಎಂದಿತು ಆ ಕಡೆಯಿಂದ ತಣ್ಣನೆಯ ದನಿ. “ಭಾನುವಾರ ಮೇಷ್ಟ್ರು ಬಂದು ಹೇಳ್ತಾರೆ, ನಾನು ಅವರ ಬಾಯಲ್ಲೇ ಕೇಳ್ಕತೀನಿ. ಅಲ್ಲೀಗಂಟ ಇನ್ನೊಂದ್ ಸಲ ಆ ಹುಡುಗನ್ನ ಸಾಯಿಸ್ದೆ ಅಂದ್ರೆ, ಈ ಸಲ ಹುಬ್ಬೂ ಬೋಳಿಸ್ತೀನಿ.”