ಡಾಬಕಾವನ್ನು ಸುಧಾರಿಸಿದ ಗೆರೆಯವರ ಸನ್ನಿಧಿಗೆ

ಬೀದರಿನ ಕಂಪ್ಯೂಟರಿನೊಳಗೆ ಓರೆಯಾಗಿ ವಾಸವಾಗಿರುವ ಮಾನ್ಯ ಗೆರೆಯವರೇ,

ಔರಾದ ತಾಲೂಕಿನ ಡಾಬಕಾದಲ್ಲಿ ಹಿಟ್ಟಿನ ಗಿರಣಿ ನಡೆಸುವ ಬಕ್ಕಪ್ಪನ ಶರಣು ಶರಣಾರ್ಥಿ. ತಮಗೆ ಅಂಕಿಗಳ ಪರಿಚಯವಿದ್ದಷ್ಟು ಮನುಷ್ಯರ ಪರಿಚಯ ಇರಲಾರದಾದ್ದರಿಂದ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಊರವರ ಬಿ.ಪಿ. ಅಳೆದು ಮಾತ್ರೆ ಕೊಡುವ ಗಾಡಿ ನಿಲ್ಲುವುದು ನನ್ನ ಗಿರಣಿಯ ಮುಂದೆ. ಮೇಜು ನನ್ನದು, ಅದರ ಮೇಲಿನ ಹಿಟ್ಟೂ ನನ್ನದು.

ಮೊನ್ನೆ ಗಾಡಿಯ ಜೊತೆ ಬಂದ ಲೆಕ್ಕ ಬರೆಯುವ ಭಾಲ್ಕಿಯ ಅವಿನಾಶ ಅವರು ಲ್ಯಾಪ್‌ಟಾಪಿನಲ್ಲಿ ಗ್ರಾಫ್ ತೆರೆದು, “ನೋಡ್ರಿ ಕಾಕಾ, ಎರಡು ವರ್ಷದಾಗ ನಿಮ್ಮ ಊರಿನ ಬಿ.ಪಿ. ಹ್ಯಾಂಗ ಇಳದದ” ಎಂದು ತಮ್ಮ ದರ್ಶನ ಮಾಡಿಸಿದರು. ಎಡಗಡೆ ಎತ್ತರದಲ್ಲಿ ಹುಟ್ಟಿ, ಎಲ್ಲಿಯೂ ಎಡವದೆ ಬಲಗಡೆಯ ತಗ್ಗಿಗೆ ಬಂದು ಕೂತ ತಮ್ಮ ಗತ್ತು ಕಂಡು ನನ್ನ ಎದೆ ಉಬ್ಬಿತು. ಬೀಡಿಯನ್ನಾಗಲಿ, ಉಪ್ಪಿನಕಾಯಿಯನ್ನಾಗಲಿ, ಅಣ್ಣತಮ್ಮಂದಿರ ಬದುವಿನ ಜಗಳವನ್ನಾಗಲಿ ಬಿಡದೆ ಒಂದಿಡೀ ಊರು ಆರೋಗ್ಯವಂತವಾಗುವುದೆಂದರೆ ಸಣ್ಣ ಪವಾಡವಲ್ಲ. ಊರು ಸುಧಾರಿಸಿದ ಮೇಲೆ ಗಾಡಿಯ ಗರಜು ಇಲ್ಲವಾದ್ದರಿಂದ ಬರುವ ತಿಂಗಳಿಂದ ಅದು ಬಂದ್, ಮಾತ್ರೆ ಬೇಕಾದವರು ಔರಾದಿಗೆ ಹೋಗಬೇಕು ಎಂದೂ ಅವರೇ ತಿಳಿಸಿದರು. ಉಬ್ಬಿದ ಎದೆ ಅಲ್ಲಿಗೆ ಇಳಿಯಿತು.

ಮಾನ್ಯರೇ, ನಮ್ಮೂರಿನ ರಿವಾಜನ್ನು ತಮಗೆ ಯಾರೂ ಹೇಳಿದಂತಿಲ್ಲ. ನಮ್ಮಲ್ಲಿ ಡಾಕ್ಟರ ಹತ್ತಿರ ಹೋಗಬೇಕಾದರೆ ಮೊದಲು ಮೈ ಹುಷಾರಿರಬೇಕು. ಉಸ್ಮಾನ ಮಿಯಾ ಅವರು ತಲೆ ಭಾರವಾದ ತಿಂಗಳು ಹೊರಸು ಬಿಟ್ಟು ಏಳುವುದಿಲ್ಲ, ಹಗುರಾದ ತಿಂಗಳು ಇಸ್ತ್ರಿಯ ಅಂಗಿ ತೊಟ್ಟು ಬಂದು ತೋಳು ಚಾಚುತ್ತಾರೆ. ನನ್ನ ಅಕ್ಕ ಹೀರಾಬಾಯಿಯಂತೂ, “ಇವತ್ತ ತಲಿ ಗಿರ್ ಅನ್ನಲಿಕ್ಕತ್ತದ, ಹ್ಯಾಂಗ ಬರಲಿ? ಹುಷಾರಾದ ಮ್ಯಾಲ ಬರ್ತೇನಿ” ಎಂದು ಒಳಗಿನಿಂದಲೇ ಹೇಳಿ ಕಳಿಸುತ್ತಾಳೆ. ಮೊದಮೊದಲು ಗಾಡಿಯವರು ಮನೆಮನೆಗೆ ಬಂದು, ಮಲಗಿದವರನ್ನೂ ಎಬ್ಬಿಸಿ ಅಳೆಯುತ್ತಿದ್ದರು. ಆಮೇಲೆ ಮೇಜು ಗಿರಣಿಯ ಮುಂದೆ ಬಂತು. ತಾವು ಇಳಿಯತೊಡಗಿದ್ದು ಅಂದಿನಿಂದಲೇ.

ಲೆಕ್ಕದಲ್ಲಿ ಬಾರದವರ ಖಾಲಿ ಜಾಗವನ್ನು ಏನು ಮಾಡುತ್ತೀರೆಂದು ಅವಿನಾಶ ಅವರನ್ನು ಕೇಳಿದೆ. ಬಾರದವರು ಹಿಂದಿನ ಸಲ ಬಂದಾಗ ಬಿ.ಪಿ. ಎಷ್ಟಿತ್ತೋ ಅದನ್ನೇ ಈ ಸಲಕ್ಕೂ ತುಂಬುವ ಪದ್ಧತಿಯಂತೆ. ಎಂಥ ದೊಡ್ಡ ಮನಸ್ಸು ತಮ್ಮದು. ಹೀರಾಬಾಯಿ ಗೋಡೆ ಹಿಡಿದು ಬಚ್ಚಲಿಗೆ ಹೋಗುವ ದಿನವೂ ತಮ್ಮಲ್ಲಿ ಅವಳು ಹೋದ ದೀಪಾವಳಿಯ ಹುಷಾರಿನಲ್ಲೇ ಇರುತ್ತಾಳೆ. ಬೇನೆಬಿದ್ದವರು ಬಾರದಿದ್ದಷ್ಟೂ ಊರು ಸುಧಾರಿಸುವ ಈ ಚಿಕಿತ್ಸೆಗೆ ಯಾವ ವೈದ್ಯನೂ ಸಾಟಿಯಲ್ಲ. ಊರೇ ಎದ್ದುಹೋದರೆ ತಾವು ನೆಲ ಮುಟ್ಟುತ್ತೀರೋ ಏನೋ.

ಆದ್ದರಿಂದ ತಮ್ಮಲ್ಲಿ ಸವಿನಯ ಬೇಡಿಕೆ ಏನೆಂದರೆ, ಬಾರದವರ ಹೆಸರು ಬಂದಲ್ಲಿ ತಾವು ನೇರ ದಾಟಿಹೋಗದೆ ತುಸು ತುಂಡಾಗಿ ನಿಂತು, “ಇವರು ಯಾಕ ಬಂದಿಲ್ರಿ?” ಎಂದು ಒಮ್ಮೆ ಕೇಳಬೇಕು. ಸಾಧ್ಯವಾದರೆ ಪರದೆಯಿಂದ ಇಳಿದು, ಕಮಲನಗರದ ಬಸ್ಸು ಹಿಡಿದು ಬಂದು, ಹೊರಸಿನ ಮೇಲಿರುವವರ ಮನೆಯ ಹೊಸ್ತಿಲನ್ನು ಖುದ್ದಾಗಿ ದಾಟಬೇಕು. ಗಾಡಿಯನ್ನಂತೂ ನಿಲ್ಲಿಸಬಾರದು. ಗಿರಣಿಯ ಮುಂದಿನ ಮಾತ್ರೆಗೇ ಬಾರದ ನನ್ನ ಅಕ್ಕ ಔರಾದಿನ ಮಾತ್ರೆಗೆ ಹೋಗುವುದು ಕನಸಿನ ಮಾತು. ನಗೆಯಾಡಿ ಬರೆಯುತ್ತಿದ್ದೇನೆ, ನಿಜ. ಆದರೆ ನನಗೆ ಹೆದರಿಕೆಯಾಗಿದೆ.

ತಾವು ಇಳಿದಷ್ಟೂ ತಲೆ ಬಾಗಿಸುತ್ತಿರುವ
ತಮ್ಮ ವಿಶ್ವಾಸಿ,
ಬಕ್ಕಪ್ಪ, ಡಾಬಕಾ

ತಾ.ಕ.: ಪತ್ರ ಅಂಚೆಗೆ ಹಾಕುವ ಮೊದಲೇ ಹೀರಾಬಾಯಿಯನ್ನು ಬೀದರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಜೀವಕ್ಕೆ ಅಪಾಯವಿಲ್ಲವಂತೆ, ಗಂಜಿಗೆ ಉಪ್ಪಿಲ್ಲವೆಂದು ದಾದಿಯರ ಜೊತೆ ಜಗಳ ತೆಗೆದಿದ್ದಾಳೆ. ಬಲಗೈ ಮಾತ್ರ ಏಳುತ್ತಿಲ್ಲ. ಈ ತಿಂಗಳೂ ತಮ್ಮಲ್ಲಿ ಅವಳು ನೆಟ್ಟಗಿದ್ದಾಳೆಂದು ಅವಿನಾಶ ಅವರಿಂದ ತಿಳಿಯಿತು. ದಯವಿಟ್ಟು ಆ ಹೀರಾಬಾಯಿಯನ್ನು ನಮ್ಮ ಮನೆಗೆ ಕಳಿಸಿಕೊಡಬೇಕು, ರೊಟ್ಟಿ ತಟ್ಟುವವರಿಲ್ಲ.